ಹಲ್ಲಿನ ಬೇರಿಗೆ ಕೀವು ಕಟ್ಟಿದಾಗ: ಆಂಟಿಬಯಾಟಿಕ್ ಯಾವಾಗ ಬೇಕು, ಯಾವಾಗ ಬೇಡ

ರಾಜಾಜಿನಗರದ ನಮ್ಮ ದಂತ ಚಿಕಿತ್ಸಾಲಯಕ್ಕೆ ಸೋಮವಾರ ಬೆಳಿಗ್ಗೆ ಬರುವ ಹಲವರ ಜೇಬಿನಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯೊಂದು ಇರುತ್ತದೆ. ಶನಿವಾರ ರಾತ್ರಿ ಹಲ್ಲು ಸಿಡಿಯತೊಡಗಿದಾಗ ಬೀದಿ ಕೊನೆಯ ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿಯಿಲ್ಲದೆ ಕೇಳಿ ತಂದ ಆಂಟಿಬಯಾಟಿಕ್ ಅದು. ನಾಲ್ಕು ಮಾತ್ರೆಗೆ ನೋವು ಇಳಿಯಿತು, ಉಳಿದದ್ದನ್ನು ಎತ್ತಿಟ್ಟೆವು ಎನ್ನುತ್ತಾರೆ. ಅವರಲ್ಲಿ ಕೆಲವರು ಮತ್ತೆ ಬರುವುದು ತಿಂಗಳುಗಳ ನಂತರ, ಕೆನ್ನೆ ಊದಿಕೊಂಡಾಗ.

ಮೊದಲು ನೋವಿನ ಬಗೆಯನ್ನು ಗಮನಿಸಿ. ತಣ್ಣೀರು ತಾಗಿದಾಗ ಜುಮ್ಮೆಂದು ಕ್ಷಣದಲ್ಲೇ ಇಳಿದರೆ ಹಲ್ಲಿನ ತಿರುಳು, ಅಂದರೆ ನರ ಮತ್ತು ರಕ್ತನಾಳಗಳಿರುವ ಒಳಗಿನ ಮೆತ್ತನೆಯ ಭಾಗ, ಇನ್ನೂ ಉಳಿಯಬಹುದು. ಬಿಸಿ ಕಾಫಿ ಕುಡಿದ ಮೇಲೆ ನಿಮಿಷಗಟ್ಟಲೆ ಮಿಡಿಯುತ್ತ, ಮಲಗಿದೊಡನೆ ಹೆಚ್ಚಾಗುವ ನೋವು ತಿರುಳು ಕೆಟ್ಟಿರುವುದರ ಗುರುತು. ಹಲ್ಲು ಎತ್ತರವಾದಂತೆ ಅನಿಸಿ, ಕಚ್ಚಿದರೆ ಜೀವ ಹೋದಂತಾದರೆ ಸೋಂಕು ಬೇರಿನ ತುದಿಯನ್ನು ದಾಟಿ ಮೂಳೆಯನ್ನು ಮುಟ್ಟಿರುತ್ತದೆ.

ಎಲ್ಲರೂ ಎಡವುವ ಹಂತ ಇದರ ನಂತರದ್ದು. ನುಂಗಿದ ಆಂಟಿಬಯಾಟಿಕ್ ರಕ್ತದ ಮೂಲಕವೇ ಸೋಂಕಿನ ಜಾಗವನ್ನು ತಲುಪಬೇಕು. ಹಲ್ಲಿನೊಳಗಿನ ತಿರುಳಿಗೆ ರಕ್ತ ಬರುವುದು ಬೇರಿನ ತುದಿಯ ಅತಿ ಕಿರಿದಾದ ರಂಧ್ರದಿಂದ. ತಿರುಳು ಸತ್ತಾಗ ಅದರ ರಕ್ತನಾಳಗಳೂ ಸಾಯುತ್ತವೆ. ಬೀದಿಯ ಕೊಳವೆಯಲ್ಲಿ ಕಾವೇರಿ ನೀರು ಹರಿಯುತ್ತಿದ್ದರೂ ಮನೆಯ ಸಂಪರ್ಕ ಕಡಿದಿದ್ದರೆ ನಲ್ಲಿಯಲ್ಲಿ ಹನಿಯೂ ಬಾರದು, ಹಾಗೆಯೇ ಇದು. ಔಷಧ ಬೇರಿನ ಸುತ್ತಲಿನ ಮೂಳೆಯವರೆಗೆ ಬಂದು ಅಲ್ಲಿಯ ಊತವನ್ನು ತಗ್ಗಿಸಬಲ್ಲದು, ಆದರೆ ತಿರುಳಿದ್ದ ಬೇರುನಾಳದೊಳಗೆ ಹೋಗಲಾರದು. ಅಲ್ಲಿ ಬ್ಯಾಕ್ಟೀರಿಯಾಗಳು ಸಂಪಿನ ಗೋಡೆಗೆ ಕಟ್ಟುವ ಪಾಚಿಯಂತೆ ಪದರವಾಗಿ ಅಂಟಿಕೊಂಡಿರುತ್ತವೆ, ಆ ಪದರವನ್ನು ಉಜ್ಜಿಯೇ ತೆಗೆಯಬೇಕು. ನೋವು ನಿಂತಿದ್ದು ಮಾತ್ರೆಯಿಂದಲೇ ಎಂದೂ ಹೇಳಲಾಗದು. ನರ ಸತ್ತರೆ ಔಷಧವಿಲ್ಲದೆಯೂ ನೋವು ತಾನಾಗಿ ನಿಲ್ಲುತ್ತದೆ, ಮತ್ತು ಆ ಮೌನದಲ್ಲೇ ಸೋಂಕು ಮೂಳೆಯನ್ನು ಕರಗಿಸುತ್ತಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಹಲ್ಲಿನ ಚಿಕಿತ್ಸೆ ಸಿಗುವಂತಿದ್ದರೆ ಇಂಥ ಬಹುಪಾಲು ನೋವುಗಳಿಗೆ ಆಂಟಿಬಯಾಟಿಕ್ ಬೇಡವೆಂದು ಅಮೆರಿಕದ ದಂತ ವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೇಳುತ್ತದೆ.

ವೈದ್ಯರನ್ನು ಕಾಣುವವರೆಗೆ ನೋವಿಗೆ ನೋವು ನಿವಾರಕವೇ ಸರಿ. ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಜೊತೆಯಾಗಿ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಆಸ್ತಮಾ ಇರುವವರು ಮತ್ತು ಗರ್ಭಿಣಿಯರು ಕೇಳದೆ ಐಬುಪ್ರೊಫೆನ್ ನುಂಗಬಾರದು. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳಬೇಡಿ, ಅದು ಒಸಡನ್ನು ಸುಡುತ್ತದೆ. ಲವಂಗದ ಎಣ್ಣೆಯನ್ನು ಹತ್ತಿಗೆ ಸುರಿದು ಒತ್ತಿಟ್ಟರೂ ಅದೇ ಗತಿ. ಭೇದಿಗೆಂದು ಬಳಸುವ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಮಾತ್ರೆಯನ್ನು ಹಲ್ಲು ನೋವಿಗೂ ಕೊಡುವ ಅಂಗಡಿಗಳಿವೆ. ಯಾರೇ ಕೊಟ್ಟರೂ ಅದನ್ನು ಮುಟ್ಟಬೇಡಿ.

ನಂತರ ಹಲ್ಲನ್ನು ತೆರೆಸಿ. ಹಣದ ಚಿಂತೆಯಿದ್ದರೆ ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋಗಬಹುದು. ಮೂರು ರಾತ್ರಿ ನಿದ್ದೆಗೆಟ್ಟ ಯುವಕನೊಬ್ಬನ ದವಡೆಯ ಹಲ್ಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮೇಲಿಂದ ರಂಧ್ರ ಕೊರೆದಾಗ, ಕೊಳೆತ ವಾಸನೆಯೊಡನೆ ರಕ್ತ ಬೆರೆತ ಹಳದಿ ಕೀವು ಗುಳ್ಳೆಗುಳ್ಳೆಯಾಗಿ ಮೇಲೆ ಬಂತು. ಒತ್ತಡ ಇಳಿದಂತೆ ಅವನು ಬಿಗಿ ಹಿಡಿದಿದ್ದ ಕುರ್ಚಿಯ ಕೈಯನ್ನು ಬಿಟ್ಟ. ಆರು ದಿನ ನುಂಗಿದ ಮಾತ್ರೆ ಮಾಡದ ಕೆಲಸ ಅದು. ನಾಳವನ್ನು ಫೈಲ್ ಎಂಬ ಸಣ್ಣ ಅರಗಳಿಂದ ಉಜ್ಜಿ, ಬ್ಯಾಕ್ಟೀರಿಯಾ ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ರಬ್ಬರಿನಂಥ ಗಟ್ಟಾಪರ್ಚಾದಿಂದ ಮುಚ್ಚುವುದೇ ರೂಟ್ ಕೆನಾಲ್. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಈ ಕೆಲಸ ಮಾಡುವವರಲ್ಲಿಗೇ ಹೋಗಿ, ಎಂಜಲು ನಾಳಕ್ಕೆ ಇಳಿಯಬಾರದು. ಉಳಿಸಲಾಗದ ಹಲ್ಲನ್ನು ಕೀಳಿಸಬೇಕು.

ಆಂಟಿಬಯಾಟಿಕ್ ನಿಜವಾಗಿ ಬೇಕಾಗುವುದು ಸೋಂಕು ಹಲ್ಲಿನ ಆಚೆಗೆ ಹರಡಿದಾಗ: ಜ್ವರ, ಮೈಕೈ ಸುಸ್ತು, ಹರಡುತ್ತಿರುವ ಊತ, ಕುತ್ತಿಗೆಯ ಗಂಟುಗಳು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರ ವಿಷಯದಲ್ಲಿ ವೈದ್ಯರು ಬೇಗ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಬರೆದುಕೊಡುವುದು ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ, 3ರಿಂದ 7 ದಿನ. ಪೆನಿಸಿಲಿನ್‌ನಿಂದ ಹಿಂದೆ ದದ್ದು ಎದ್ದಿದ್ದರೆ ಅಥವಾ ಉಸಿರು ಕಟ್ಟಿದ್ದರೆ ಮೊದಲೇ ಹೇಳಿ. ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್ ಕೊಟ್ಟಿದ್ದರೆ ಮದ್ಯ ಮುಟ್ಟಬೇಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಮೂರನೆಯ ದಿನಕ್ಕೂ ಊತ ಇಳಿಯದಿದ್ದರೆ ಮಾತ್ರೆ ಬದಲಿಸಲು ಅಂಗಡಿಗೆ ಹೋಗಬೇಡಿ, ವೈದ್ಯರಲ್ಲಿಗೆ ಹೋಗಿ. ಎಷ್ಟು ದಿನ ನುಂಗಬೇಕೆಂಬುದನ್ನು ಅವರೇ ಹೇಳಬೇಕು, ಮಿಕ್ಕ ಮಾತ್ರೆಯನ್ನು ಮುಂದಿನ ನೋವಿಗೆಂದೋ ಮನೆಯ ಇನ್ನೊಬ್ಬರಿಗೆಂದೋ ಎತ್ತಿಡಬಾರದು.

ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲೂ ಕಷ್ಟವಾದರೆ, ನಾಲಿಗೆ ಮೇಲೆದ್ದರೆ, ಊತ ಗದ್ದದ ಕೆಳಗಿಳಿದರೆ ಅಥವಾ ಕಣ್ಣಿನವರೆಗೆ ಏರಿದರೆ ಕ್ಲಿನಿಕ್ಕಿನ ಸಮಯಕ್ಕಾಗಿ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಿ. ದವಡೆಯ ಕೆಳಗಿನ ಊತ ಉಸಿರಾಟದ ದಾರಿಯನ್ನೇ ಮುಚ್ಚಬಲ್ಲದು.

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿ, ಒಂದು ವರ್ಷದ ಬಳಿಕ ಎಕ್ಸ್‌ರೇ ತೆಗೆಸಿ. ಬೇರಿನ ತುದಿಯಲ್ಲಿ ಮೊದಲು ಕಂಡಿದ್ದ ಕಪ್ಪು ಕಲೆ ಚಿಕ್ಕದಾಗಿದ್ದರೆ ಮೂಳೆ ಮತ್ತೆ ತುಂಬಿಕೊಳ್ಳುತ್ತಿದೆ ಎಂದರ್ಥ.