ಹಸು ಹೇಳುವುದನ್ನು ಕೈಯಿಂದ ಕೇಳಿಸಿಕೊಳ್ಳುವುದು

ಹಸುವಿಗೆ ಹುಷಾರಿಲ್ಲ ಅಂತ ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಗುತ್ತೆ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಕೊಟ್ಟಿಗೆಯ ಹೊಸ್ತಿಲು ದಾಟುವಾಗಲೇ ಇವತ್ತು ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ. ಯಾಕೆ ಅನ್ನುವುದು ತಿಳಿಯುವುದು ಆಮೇಲೆ. ಇದರಲ್ಲಿ ಪವಾಡವೇನೂ ಇಲ್ಲ ಅಂತ ನಾನು ನಂಬಿದ್ದೇನೆ. ಫೋಟೋ ನೋಡಿ ಪ್ರಾಣಿಯ ಮನಸ್ಸು ಹೇಳುತ್ತೇವೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ನನಗೆ ಹಸು ಎದುರಿಗೇ ಇರಬೇಕು, ಅದರ ಮೈ ಮೇಲೆ ನನ್ನ ಕೈ ಇರಬೇಕು.

ಶಿವಮೊಗ್ಗದ ಮಲೆನಾಡಿನಲ್ಲಿ ನಮ್ಮ ಮನೆ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡಗಳಿವೆ, ಜರ್ಸಿ ಮಿಶ್ರತಳಿಯವೂ ಇವೆ. ದನ ನೋಡುವುದನ್ನು ಕಲಿಸಿದವರು ನಮ್ಮತ್ತೆ. ಅವರು ಕೂರಿಸಿಕೊಂಡು ಪಾಠ ಹೇಳಿದವರಲ್ಲ. "ಮೊದ್ಲು ಸುಮ್ನೆ ನಿಂತ್ಕ ಮಾರಾಯ್ತಿ, ಅದು ನಿನ್ನ ನೋಡ್ಲಿ" ಎನ್ನುತ್ತಿದ್ದರು.

ಈಗಲೂ ಹಾಗೇ ಮಾಡುತ್ತೇನೆ. ಬಕೆಟ್ ಕೆಳಗಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೊದಲು ಕಿವಿಗೆ ಬೀಳುವುದು ಮೆಲುಕಿನ ಸದ್ದು. ಆರೋಗ್ಯವಾಗಿರುವ ಹಸು ದಿನಕ್ಕೆ 7–8 ಗಂಟೆ ಮೆಲುಕು ಹಾಕುತ್ತದೆ. ಅಗಿದು, ನುಂಗಿ, ಒಂದು ಕ್ಷಣ ಬಿಟ್ಟು ಮತ್ತೆ ಮೇಲೆ ತರುತ್ತದೆ. ದಿನವೂ ಕೇಳಿ ಅಭ್ಯಾಸವಾದರೆ ಆ ಲಯ ತಪ್ಪಿದ್ದು ಕತ್ತಲಲ್ಲೂ ಗೊತ್ತಾಗುತ್ತದೆ. ಆಮೇಲೆ ಎಡಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿಯುತ್ತೇನೆ. ಹೊಟ್ಟೆ ಸರಿಯಿದ್ದರೆ ನಿಮಿಷಕ್ಕೆ ಒಂದೆರಡು ಸಲ ಒಳಗಿಂದ ಕೈಯನ್ನು ತಳ್ಳುತ್ತದೆ.

ನಮ್ಮ ಗೌರಿ ಮೂರನೇ ಕರು ಹಾಕಿದ ಮರುದಿನ ಸಂಜೆ ಹಿಂಡಿ ಕಲಸಿಟ್ಟರೆ ಮುಟ್ಟಿತು, ಬಿಟ್ಟಿತು. ಕರು ಕೂಗಿದರೆ ಕಿವಿ ಆ ಕಡೆ ತಿರುಗಲಿಲ್ಲ. ಹಿಂಗಾಲು ಒಂದನ್ನು ಬಿಟ್ಟು ಒಂದು ಬದಲಿಸುತ್ತಾ ನಿಂತಿತ್ತು. ನೋಡಿದವರಿಗೆ ಸುಸ್ತಾಗಿದೆ ಅನ್ನಿಸುವಷ್ಟೇ. ನನಗೆ ಮಾತ್ರ ಎದೆ ಧಸಕ್ ಅಂದಿತು. ಕಿವಿಯ ಬುಡ ಹಿಡಿದು ನೋಡಿದೆ, ತಣ್ಣಗಿತ್ತು. ಮೂತಿಯ ಮೇಲೆ ಯಾವಾಗಲೂ ಇರುವ ನೀರಹನಿ ಇಲ್ಲ, ಒಣಗಿತ್ತು. ಹಾಲು ಜ್ವರ! ಕರು ಹಾಕಿದ ಹಸುವಿನ ರಕ್ತದಲ್ಲಿದ್ದ ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಹೋದಾಗ ಹೀಗಾಗುತ್ತದೆ. ಹೊತ್ತು ಕಳೆದರೆ ಹಸು ಮಲಗಿ, ಕುತ್ತಿಗೆ ಪಕ್ಕೆಗೆ ತಿರುಗಿಸಿ, ಏಳದೇ ಹೋಗುತ್ತದೆ. ಡಾಕ್ಟರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನಕ್ಕೆ ಬಿಟ್ಟರು. ಬಾಟಲಿ ಮುಗಿಯುವ ಹೊತ್ತಿಗೆ ಗೌರಿಯ ಮೈ ಸಣ್ಣಗೆ ನಡುಗಿತು, ದೊಡ್ಡದಾಗಿ ತೇಗಿತು, ಸಗಣಿ ಹಾಕಿತು. ಮೂತಿಯಲ್ಲಿ ಮತ್ತೆ ಹನಿ ಮೂಡಿತು. ಆ ಹನಿ ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಾವು ಹಸುವನ್ನು ಓದುವುದಕ್ಕಿಂತ ಜಾಸ್ತಿ ಅದು ನಮ್ಮನ್ನು ಓದುತ್ತದೆ. ಮನೆಯಲ್ಲಿ ಯಾರ ಮೇಲೋ ಸಿಟ್ಟು ಮಾಡಿಕೊಂಡು ಕೊಟ್ಟಿಗೆಗೆ ಹೋದರೆ ಹಸು ಸೊರೆ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಹಾಲು ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಹೆದರಿಕೆಯಾದರೆ ಅಡ್ರಿನಲಿನ್ ಬಂದು ಅದಕ್ಕೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಮನಸ್ಸು ಕೆಟ್ಟಾಗ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ನಾಲ್ಕು ಉಸಿರು ಎಳೆದು ಒಳಗೆ ಹೋಗುತ್ತೇನೆ.

ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹ್ಯಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಅಂತ ಹೆಸರಾಗಿತ್ತು. ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಪರೀಕ್ಷೆ ಮಾಡಿದಾಗ ಗುಟ್ಟು ಗೊತ್ತಾಯಿತು. ಸರಿ ಉತ್ತರ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ ಅವರಿಗೇ ತಿಳಿಯದಂತೆ ಒಂಚೂರು ಅಲುಗುತ್ತಿತ್ತು. ಹ್ಯಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಜನ ನಗುತ್ತಾರೆ. ನನಗೆ ಆ ಕಣ್ಣೇ ದೊಡ್ಡದು ಅನ್ನಿಸುತ್ತದೆ. ಅಷ್ಟು ಸೂಕ್ಷ್ಮವಾಗಿ ನಮ್ಮಲ್ಲಿ ಯಾರು ಯಾರನ್ನು ನೋಡುತ್ತೇವೆ, ಹೇಳಿ?

ಹೊಸದಾಗಿ ಹಸು ಕಟ್ಟುವವರಿಗೆ ನಾನು ಹೇಳುವುದಿಷ್ಟೇ. ದಿನಾ ಒಂದೇ ಹೊತ್ತಿಗೆ ಹೋಗಿ. ನೇರ ಹಿಂದಿನಿಂದ ಹೋಗಬೇಡಿ, ಅಲ್ಲಿರುವುದು ಹಸುವಿಗೆ ಕಾಣುವುದಿಲ್ಲ. ಹೆಸರು ಕರೆದು, ಆಮೇಲೆ ಮುಟ್ಟಿ. ಚೆನ್ನಾಗಿರುವ ದಿನಗಳಲ್ಲೇ ಕಿವಿ, ಮೂತಿ, ಕೆಚ್ಚಲು ಮುಟ್ಟಿ ನೋಡುತ್ತಿರಿ. ಸರಿಯಿರುವುದು ಕೈಗೆ ಗೊತ್ತಿದ್ದರೆ ತಾನೇ ತಪ್ಪಿದ್ದು ತಿಳಿಯುವುದು? ಏನೋ ಸರಿಯಿಲ್ಲ ಅನ್ನಿಸಿದರೆ ನಾಳೆ ನೋಡೋಣ ಅನ್ನಬೇಡಿ. ಥರ್ಮಾಮೀಟರ್ ಹಾಕಿ. 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರಬೇಕು. ತುಂಬ ಮೇಲೆ ಹೋಗಿದ್ದರೂ ಕೆಳಗೆ ಇಳಿದಿದ್ದರೂ ಡಾಕ್ಟರಿಗೆ ಫೋನ್ ಮಾಡಿ.