ನಾಟಿ ಕುನ್ನಿಯನ್ನು ತೋಟದ ಮನೆಗೆ ಒಗ್ಗಿಸುವುದು

ನಾಟಿ ನಾಯಿಗಳು ಹೆಚ್ಚಾಗಿ ಚಳಿಗಾಲಕ್ಕೆ ಮರಿ ಹಾಕುತ್ತವೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮರಿ ತಂದು ಕೊಟ್ಟಿಗೆ ಕಂಬಕ್ಕೆ ಕಟ್ಟಿಬಿಟ್ಟರೆ, ಜೂನ್‌ನಲ್ಲಿ ಮಳೆಗೆ ಕಂಬಳಿಕೊಪ್ಪೆ ಹೊದ್ದು ಬಂದವರ ಮೇಲೆ ಅದು ಎಗರುತ್ತದೆ. ತಪ್ಪು ಮರಿಯದಲ್ಲ. ನೋಡಬೇಕಾದ ಕಾಲದಲ್ಲಿ ಅದು ಕೊಪ್ಪೆಯನ್ನು ನೋಡಲೇ ಇಲ್ಲ.

ಆ ಕಾಲವೆಂದರೆ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ. ನಾಯಿ ಪಳಗಿದ ಗುಟ್ಟೂ ಇಲ್ಲೇ ಇದೆ: ಹೊಸದರ ಭಯ ತೋಳದ ಮರಿಗೆ ಬೇಗ ಹತ್ತುತ್ತದೆ, ನಾಯಿಮರಿಗೆ ತಡವಾಗಿ. ಸೋವಿಯತ್ ತಳಿವಿಜ್ಞಾನಿ ಡಿಮಿತ್ರಿ ಬೆಲ್ಯಾಯೆವ್ 1959ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ ಮನುಷ್ಯರಿಗೆ ಹೆದರದ ನರಿಗಳನ್ನೇ ಆರಿಸಿ ತಲೆಮಾರುಗಟ್ಟಲೆ ಮರಿ ಮಾಡಿಸಿದಾಗಲೂ ಮರಿಗಳಿಗೆ ಭಯ ಹೀಗೇ ತಡವಾಗಿ ಹತ್ತತೊಡಗಿತು. ಅಂದಹಾಗೆ, ನಾಯಿಯ ಮೂಲ ಈಗ ಅಳಿದುಹೋದ ಬೂದುತೋಳಗಳ ಒಂದು ಕವಲು, ನಮ್ಮ ಕಾಡಿನ ಸೀಳುನಾಯಿಯಲ್ಲ. ಅದರ ಕುಲವೇ ಬೇರೆ. ಅದರ ಮರಿ ಕಂಡರೆ ಮುಟ್ಟದೆ ಬನ್ನಿ.

ಕುನ್ನಿಯನ್ನು 8 ವಾರ ತುಂಬಿದ ಮೇಲೆ ತನ್ನಿ. ನಾಲ್ಕೈದು ವಾರಕ್ಕೇ ತಂದರೆ, ಎಷ್ಟು ಕಚ್ಚಿದರೆ ನೋವಾಗುತ್ತದೆಂದು ತಾಯಿ, ಒಡಹುಟ್ಟುಗಳಿಂದ ಕಲಿಯುವುದು ತಪ್ಪಿ, ಆಟದಲ್ಲೂ ಚರ್ಮ ಹರಿಯುತ್ತದೆ. ತಂದ ವಾರದಿಂದಲೇ ದಿನಕ್ಕೆ ಒಂದೆರಡು ಹೊಸ ಸಂಗತಿ ತೋರಿಸಿ: ಕೊಪ್ಪೆ, ಬಿಚ್ಚುವ ಕೊಡೆ, ದೋಟಿ ಹೊತ್ತವರು, ದನ, ಮಕ್ಕಳು. ಅಡಿಕೆ ಸುಲಿಯುವ ಯಂತ್ರವನ್ನು ಮೊದಲ ದಿನ ಮೂವತ್ತು ಹೆಜ್ಜೆ ದೂರದಿಂದ ಕೇಳಿಸಿ, ಚೂರು ಮೊಟ್ಟೆ ಕೊಡಿ. ತಿಂದರೆ ಮರುದಿನ ಐದು ಹೆಜ್ಜೆ ಹತ್ತಿರ. ಬಾಲ ಒಳಗೆಳೆದು ತಿನ್ನದೆ ನಿಂತರೆ ಹಿಂದಕ್ಕೆ ಬನ್ನಿ. ಎಳೆದುಕೊಂಡು ಹೋದರೆ ಭಯವೇ ಗಟ್ಟಿಯಾಗುತ್ತದೆ.

ಲಸಿಕೆ ಮುಗಿಯುವ ತನಕ ಪೇಟೆಗೆ ಎತ್ತಿಕೊಂಡೇ ಹೋಗಿ. ಮರಿಗಳಿಗೆ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪಾರ್ವೊ ಮತ್ತು ಡಿಸ್ಟೆಂಪರ್ (ನಾಯಿಗಳ ಇನ್ನೊಂದು ವೈರಸ್ ರೋಗ) ಲಸಿಕೆ 6–8 ವಾರಕ್ಕೆ ಶುರು, 3–4 ವಾರಕ್ಕೊಮ್ಮೆ 16 ವಾರದವರೆಗೆ. ರೇಬಿಸ್ ಲಸಿಕೆ 3 ತಿಂಗಳಿಗೆ. ಡಿಸ್ಟೆಂಪರ್ ಹೊಸ ರೋಗವಲ್ಲ. ಜರ್ಮನಿಯ ಬಾನ್-ಓಬರ್‌ಕಾಸೆಲ್‌ನಲ್ಲಿ ಮನುಷ್ಯರ ಜೊತೆಗೇ ಹೂತಿದ್ದ, ಸುಮಾರು 14,000 ವರ್ಷ ಹಳೆಯ ಮರಿಯ ಹಲ್ಲಿನಲ್ಲೂ ಅದರ ಗುರುತನ್ನು ಸಂಶೋಧಕರು ಕಂಡಿದ್ದಾರೆ.

ಅನ್ನ ಹಾಕಬಹುದು. ಪಿಷ್ಟ ಅರಗಿಸುವ ಅಮೈಲೇಸ್ ಜೀನ್ ತೋಳಕ್ಕೆ ಸಾಮಾನ್ಯವಾಗಿ 2 ಪ್ರತಿ, ನಾಯಿಗಳಲ್ಲಿ 30ರವರೆಗೂ ಉಂಟು. ಆದರೆ ಬರೀ ಗಂಜಿಯಲ್ಲಿ ಕುನ್ನಿ ಬೆಳೆಯದು. ಮೊಟ್ಟೆ, ಮೀನು ಅಥವಾ ಮಾಂಸ ಸೇರಲೇಬೇಕು. 3 ತಿಂಗಳವರೆಗೆ ದಿನಕ್ಕೆ 4 ಹೊತ್ತು, ಆಮೇಲೆ 3. ಈರುಳ್ಳಿ ಬಿದ್ದ ಸಾರು ಬೇಡವೇ ಬೇಡ, ರಕ್ತದ ಕೆಂಪು ಕಣ ಒಡೆಯುತ್ತದೆ.

ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿ ಕೆಳಗೆ ಉಣುಗು ಹುಡುಕಿ. ಚರ್ಮಕ್ಕೆ ತಾಗಿಸಿ ಚಿಮಟದಲ್ಲಿ ಹಿಡಿದು ನೇರ ಎಳೆಯಿರಿ, ಉಗುರಿನಲ್ಲಿ ಚಿವುಟಬೇಡಿ. ಒಸಡು ಬಿಳಿಚಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಣುಗಿನ ಜ್ವರವಿರಬಹುದು, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕತ್ತಲಾದ ಮೇಲೆ ಅಂಗಳದಲ್ಲಿ ಕಟ್ಟಬೇಡಿ. ಸರಪಳಿಯಲ್ಲಿರುವ ನಾಯಿ ಚಿರತೆಗೆ ಸುಲಭದ ತುತ್ತು. ಒಳಗೆ ಮಲಗಿಸಿ ಬಾಗಿಲು ಹಾಕಿ.