ಹಳೇ ಡಿವಿಡಿ ಪ್ಲೇಯರ್ ಕೊಳ್ಳುವ ಮೊದಲು

ಬದಿಯಡ್ಕ, ಕುಂಬಳೆ ಕಡೆಯ ಮನೆಗಳಲ್ಲಿ ಮದುವೆಯ, ಯಕ್ಷಗಾನದ ಡಿಸ್ಕ್‌ಗಳು ಇನ್ನೂ ಕಪಾಟಿನಲ್ಲಿವೆ ಅಲ್ವಾ? ಪ್ಲೇಯರ್ ಕೆಟ್ಟರೆ ಡಿವಿಡಿಯದ್ದೇ ತರುವುದಾ, ಅದಕ್ಕಿಂತ ಹೊಸ ಬಗೆಯ ಡಿಸ್ಕ್ ಆದ ಬ್ಲೂ-ರೇಯದ್ದಾ ಎಂದು ಹಲವರು ಕೇಳುತ್ತಾರೆ.

ಇರುವ ಡಿಸ್ಕ್ ನೋಡಲಿಕ್ಕೆ ಮಾತ್ರ ಆದರೆ ಡಿವಿಡಿ ಪ್ಲೇಯರೇ ಸಾಕು. ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ ಹಿಡಿಯುತ್ತದೆ, ಡಿವಿಡಿಯಲ್ಲಿ 4.7 ಜಿಬಿ. ಹಾಗೆಂದು ಹಳೇ ಯಕ್ಷಗಾನದ ರೆಕಾರ್ಡಿಂಗ್ ಹೊಸ ಪ್ಲೇಯರಿಗೆ ಹಾಕಿದ ಕೂಡಲೇ ಫಳಫಳ ಆಗುವುದಿಲ್ಲ ಮಾರಾಯ್ರೇ. ಹೊಸದೆಲ್ಲ ಬಾಳುತ್ತದೆ ಎಂದೂ ಇಲ್ಲ. 2006ರಲ್ಲಿ ಬ್ಲೂ-ರೇಗೆ ಪೈಪೋಟಿಯಾಗಿ ಬಂದ ಎಚ್‌ಡಿ ಡಿವಿಡಿ ಎಂಬ ಡಿಸ್ಕನ್ನು ತೋಷಿಬಾ 2008ರಲ್ಲೇ ಕೈಬಿಟ್ಟಿತು.

ನಾನು ಸೋತದ್ದು ಬೇರೆ ಕಡೆ. ಸೆಕೆಂಡ್ ಹ್ಯಾಂಡ್ ಬ್ಲೂ-ರೇ ಪ್ಲೇಯರ್ ತಂದು ಅಕ್ಕನ ಮದುವೆಯ ಡಿಸ್ಕ್ ಹಾಕಿದೆ. ಟ್ರೇ ಒಳಗೆ ಹೋಯಿತು, ಎರಡು ಸಲ ಗುರ್ ಎಂದಿತು, ಹೊರಗೆ ಬಂತು. ಅದು ಡಿವಿಡಿಗಿಂತ ಹಳೇ ಬಗೆಯ ವಿಸಿಡಿ! ಡಿವಿಡಿ ಓಡಿಸುವ ಬ್ಲೂ-ರೇ ಪ್ಲೇಯರ್‌ಗಳೆಲ್ಲ ವಿಸಿಡಿ ಓಡಿಸುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ಮನೆಯ ಎರಡು ಡಿಸ್ಕ್ ಚೀಲದಲ್ಲಿರಲಿ, ಅಲ್ಲೇ ಹಾಕಿ ನೋಡಿ.

ಟಿವಿಯ ಹಿಂದೆಯೂ ಒಮ್ಮೆ ಇಣುಕಿ. ಹಳದಿ-ಕೆಂಪು-ಬಿಳಿ ತೂತುಗಳು ಹೊಸ ಟಿವಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಚಿತ್ರ, ಧ್ವನಿ ಎರಡೂ ಒಂದೇ ವಯರಿನಲ್ಲಿ ಹೋಗುವ ಎಚ್‌ಡಿಎಂಐ ತೂತು ಇರುವ ಪ್ಲೇಯರ್ ಆದರೆ ತಲೆಬಿಸಿ ಇಲ್ಲ. ಜಾಸ್ತಿ ದುಡ್ಡು ಮಾತ್ರ ಹಾಕಬೇಡಿ.

ಪ್ಲೇಯರ್ ಓಡುತ್ತಿರುವಾಗಲೇ ಕಂಪ್ಯೂಟರ್ ಇರುವವರ ಹತ್ತಿರ ಹೋಗಿ ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿಸಿ. ನಮ್ಮ ಮಳೆಗಾಲದ ತೇವಕ್ಕೆ ಡಿಸ್ಕ್ ಮೇಲೆ ಬೂಷ್ಟು ಹಿಡಿಯುತ್ತದೆ. ಒರೆಸುವಾಗ ಸುತ್ತ ತಿರುಗಿಸಬೇಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ.